ಕೊಡಗಿನ ಮಣ್ಣಿನ ಏರ್‌ಸ್ಟ್ರಿಪ್‌ನಿಂದ ಎರಡು ಎಂಜಿನ್ ವಿಮಾನ ಹಾರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಇಬ್ಬರಿಗಾಗಿ: ಮಲ್ಟಿ ಎಂಜಿನ್ ರೇಟಿಂಗ್ ಇರುವ ಪೈಲಟ್‌ಗಳಿಗೆ, ಮತ್ತು ತಮ್ಮ ಜಾಗದಲ್ಲಿ ಏರ್‌ಸ್ಟ್ರಿಪ್ ಆಗುತ್ತದೆಯೇ ಎಂದು ವಿಚಾರಿಸುವ ತೋಟದವರಿಗೆ. ಇಲ್ಲಿ ಕೊಟ್ಟಿರುವ ಅಂಕಿಗಳು ಲೆಕ್ಕ ಹಾಕುವ ರೀತಿ ತೋರಿಸುವುದಕ್ಕೆ. ನಿಮ್ಮ ವಿಮಾನದ ಹ್ಯಾಂಡ್‌ಬುಕ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಎಂಜಿನ್ ಎರಡಿದ್ದರೆ ಚಿಕ್ಕ ರನ್‌ವೇ ಸಾಕಲ್ಲವೇ?

ಸಾಲದು. ನೆಲ ಬಿಡುವ ಹೊತ್ತಿನಲ್ಲಿ ಒಂದು ಎಂಜಿನ್ ನಿಂತರೆ ಹೋಗುವುದು ಅರ್ಧ ಶಕ್ತಿ, ನಿಜ. ಆದರೆ ಮೇಲೇರಲು ಬಳಕೆಯಾಗುವುದು ಮಟ್ಟವಾಗಿ ಹಾರಲು ಬೇಕಾದಷ್ಟು ಹೋಗಿ ಮಿಕ್ಕ ಶಕ್ತಿ ಮಾತ್ರ. ಹಾಗಾಗಿ ಏರುವ ಸಾಮರ್ಥ್ಯದಲ್ಲಿ ಶೇ. 80ರಿಂದ 90 ಹೋಗಿಬಿಡುತ್ತದೆ. ಅಮೆರಿಕದಲ್ಲಿ ಸಣ್ಣ ವಿಮಾನಗಳ ವಿನ್ಯಾಸಕ್ಕಿದ್ದ ಹಳೆಯ ಪಾರ್ಟ್ 23 ನಿಯಮದಲ್ಲಂತೂ 2,722 ಕೆಜಿಗಿಂತ ಹಗುರವಾದ, ಸ್ಟಾಲ್ ವೇಗ (ಇದಕ್ಕಿಂತ ಕೆಳಗೆ ರೆಕ್ಕೆ ವಿಮಾನವನ್ನು ಹೊರಲಾರದು) 61 ನಾಟ್ ಮೀರದ ಅವಳಿ ಎಂಜಿನ್ ವಿಮಾನ ಒಂದೇ ಎಂಜಿನ್‌ನಲ್ಲಿ ಏರಲೇಬೇಕೆಂಬ ಷರತ್ತೇ ಇರಲಿಲ್ಲ. ಎರಡನೇ ಎಂಜಿನ್ ನಿಮ್ಮನ್ನು ಕಾಯುವುದು ಎತ್ತರಕ್ಕೆ ಹೋದ ಮೇಲೆ, ಬ್ರಹ್ಮಗಿರಿಯ ಕಾಡಿನ ಮೇಲೆ. ರನ್‌ವೇ ತುದಿಯಲ್ಲಿ ಅದು ಇನ್ನೊಂದು ಅಪಾಯವನ್ನೂ ತರುತ್ತದೆ: ಕಡಿಮೆ ವೇಗದಲ್ಲಿ ಒಂದೇ ಪಕ್ಕದ ಎಳೆತ ವಿಮಾನವನ್ನು ತಿರುಗಿಸಿ ಮಗುಚಿಬಿಡಬಹುದು.

ಹಾಗಾದರೆ ಎಷ್ಟು ಉದ್ದ ಬೇಕು?

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಬ್ರಿಟನ್-ನಾರ್ಮನ್ ಐಲ್ಯಾಂಡರ್ ಚಿಕ್ಕ ಮಣ್ಣಿನ ಪಟ್ಟಿಗಳಿಗೆಂದೇ ಹುಟ್ಟಿದ ವಿಮಾನ. ಪೂರ್ತಿ ತೂಕ 2,994 ಕೆಜಿ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ, ಗಟ್ಟಿ ಒಣ ರನ್‌ವೇಯಿಂದ ಹೊರಟು 50 ಅಡಿ ಎತ್ತರ ದಾಟಲು ಅದಕ್ಕೆ ಸುಮಾರು 370 ಮೀಟರ್ ಬೇಕು. ಈಗ ಅದನ್ನು ಕುಶಾಲನಗರದ ಕಡೆಗೆ ತನ್ನಿ. ಎತ್ತರ ಸುಮಾರು 2,750 ಅಡಿ, ಮಾರ್ಚ್ ಮಧ್ಯಾಹ್ನ 32 ಡಿಗ್ರಿ.

ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9.5 ಡಿಗ್ರಿ. ನಿಮ್ಮಲ್ಲಿರುವುದು ಅದಕ್ಕಿಂತ 22.5 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 2,700 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳು ಎಂದು ಹೇಳುವ ಲೆಕ್ಕದ ಎತ್ತರ, ಸುಮಾರು 5,450 ಅಡಿ. ನೀವು ನಿಂತಿರುವುದು ಕುಶಾಲನಗರದಲ್ಲೇ ಆದರೂ ರೆಕ್ಕೆ ಮತ್ತು ಎಂಜಿನ್‌ಗಳ ಪಾಲಿಗೆ ಅದು ತಡಿಯಂಡಮೋಳ್ ನೆತ್ತಿಯ ಹತ್ತಿರದ ಗಾಳಿ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಶೇ. 3ರಂತೆ ಶಕ್ತಿ ಕಳೆದುಕೊಳ್ಳುತ್ತದೆ ಎಂದರೆ ಇಲ್ಲಿ ಶೇ. 16 ಹೋಯಿತು.

ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಹಗುರ ವಿಮಾನಗಳಿಗೆ ಕೊಟ್ಟಿರುವ ಗುಣಕಗಳನ್ನು ಹಾಕಿ. ಸಾವಿರ ಅಡಿ ಎತ್ತರಕ್ಕೆ 1.10, ಹತ್ತು ಡಿಗ್ರಿ ಬಿಸಿಗೆ 1.10, ಒಣ ಹುಲ್ಲಿಗೆ 1.20. ಇವನ್ನು ಕೂಡಿಸುವಂತಿಲ್ಲ, ಒಂದರ ಮೇಲೊಂದು ಗುಣಿಸಬೇಕು. 370 ಮೀಟರ್ ಎತ್ತರದಿಂದ 481 ಆಯಿತು, ಬಿಸಿಲಿನಿಂದ 596, ಹುಲ್ಲಿನಿಂದ 716. ಕೊನೆಗೆ ಸುರಕ್ಷತೆಯ 1.33 ಹಾಕಿದರೆ 952 ಮೀಟರ್. ಹುಲ್ಲು ಒದ್ದೆಯಾಗಿದ್ದರೆ ಗುಣಕ 1.30, ಉತ್ತರ 1,030 ಮೀಟರ್ ದಾಟುತ್ತದೆ. ಕೊನೆಯ 1.33 ಅನ್ನು ಬಿಟ್ಟು ಲೆಕ್ಕ ಹಾಕುವವರಿದ್ದಾರೆ. ಹ್ಯಾಂಡ್‌ಬುಕ್‌ನ ಅಂಕಿ ಹೊಸ ವಿಮಾನದಲ್ಲಿ ಟೆಸ್ಟ್ ಪೈಲಟ್ ಪಡೆದದ್ದು. ನಿಮ್ಮ ಪ್ರೊಪೆಲ್ಲರ್, ಟೈರ್, ಕೈ ಮೂರೂ ಹಾಗಿರುವುದಿಲ್ಲ. ಆ 1.33 ಅನ್ನು ಬಿಡಬೇಡಿ.

ನಮ್ಮಲ್ಲಿರುವುದು 600 ಮೀಟರ್ ಮಾತ್ರ. ಏನೂ ಮಾಡಲಾಗದೇ?

ಹೊತ್ತು ಮತ್ತು ತೂಕ ಎರಡೂ ನಿಮ್ಮ ಕೈಯಲ್ಲಿವೆ. ಬೆಳಿಗ್ಗೆ 17 ಡಿಗ್ರಿ ಇರುವಾಗ ಡೆನ್ಸಿಟಿ ಆಲ್ಟಿಟ್ಯೂಡ್ 3,650 ಅಡಿಗೆ ಇಳಿಯುತ್ತದೆ. ತೂಕ ಶೇ. 10 ಇಳಿದಂತೆಲ್ಲ ದೂರವನ್ನು 1.20ರಿಂದ ಭಾಗಿಸಬಹುದು. ಮೇಲಿನ ಐಲ್ಯಾಂಡರ್ ಅನ್ನೇ ಶೇ. 20 ಹಗುರ ಮಾಡಿ, ಅಂದರೆ ಸುಮಾರು 2,400 ಕೆಜಿಗೆ ಇಳಿಸಿ, ಬೆಳಗಿನ ತಂಪಿನಲ್ಲಿ ಒಣ ಹುಲ್ಲಿನ ಮೇಲೆ ಹೊರಡಿಸಿದರೆ ಸುರಕ್ಷತಾ ಗುಣಕವೂ ಸೇರಿ 573 ಮೀಟರ್ ಬರುತ್ತದೆ. ಪೈಲಟ್, ಎರಡೂವರೆ ಗಂಟೆಯ ಇಂಧನ, ಮೂರು ಜನ, ಅಷ್ಟೇ. ಮೈಸೂರಿನ ಮಂಡಕಳ್ಳಿಯಲ್ಲಿ 1,740 ಮೀಟರ್ ಡಾಂಬರು ರನ್‌ವೇ ಇದೆ. ಉಳಿದವರು ಕಾರಿನಲ್ಲಿ ಅಲ್ಲಿಗೆ ಬಂದು ಹತ್ತಲಿ.

ತೊಂದರೆ ಇರುವುದು ನವೆಂಬರ್‌ನಿಂದ ಜನವರಿವರೆಗೆ. ತಂಪು ಇರುವ ಹೊತ್ತಿಗೇ ಗದ್ದೆ ಬಯಲಿನಲ್ಲಿ ಮಂಜು ಕೂತಿರುತ್ತದೆ. ಮಂಜು ಏಳುವುದಕ್ಕೂ ಬಿಸಿಲು ಬಲಿಯುವುದಕ್ಕೂ ನಡುವೆ ಸಿಗುವ ಆ ಒಂದೆರಡು ಗಂಟೆಯೇ ನಿಮ್ಮದು. ಪ್ರಯಾಣಿಕರಿಗೆ ಮೊದಲೇ ಹೀಗೆಂದು ಹೇಳಿಬಿಡಿ. ಗಡಿಯಾರ ನೋಡಿ ಅವಸರ ಮಾಡುವವರು ಪಕ್ಕದಲ್ಲಿದ್ದರೆ ಲೆಕ್ಕ ಸಡಿಲವಾಗುತ್ತದೆ.

ಇಳಿಜಾರು ಎಷ್ಟಿದ್ದರೆ ಸರಿ?

ಶೇ. 2 ಏರು ಇದ್ದರೆ ಟೇಕಾಫ್ ದೂರಕ್ಕೆ 1.10, ಶೇ. 2 ಇಳಿಜಾರಿನ ಕಡೆಗೆ ಇಳಿದರೆ ಲ್ಯಾಂಡಿಂಗ್ ದೂರಕ್ಕೂ 1.10. ಕಣ್ಣಳತೆ ನಂಬಬೇಡಿ. ಸುತ್ತ ಗುಡ್ಡವಿರುವ ಕಡೆ ಕಣ್ಣು ಖಂಡಿತ ತಪ್ಪುತ್ತದೆ. ಗಾರೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು: 20 ಮೀಟರ್‌ಗೊಮ್ಮೆ ಗೂಟ ಹೊಡೆದು ಎತ್ತರ ಬರೆದುಕೊಳ್ಳಿ. ಸರಾಸರಿಯೊಂದೇ ನೋಡಬೇಡಿ. ಮಧ್ಯದಲ್ಲಿ ಉಬ್ಬಿದ್ದರೆ ವಿಮಾನ ಹಾರುವ ವೇಗ ಬರುವ ಮೊದಲೇ ಮೇಲಕ್ಕೆ ಎಸೆಯಲ್ಪಡುತ್ತದೆ.

ನೆಲ ವಿಮಾನ ತಡೆಯುತ್ತದೆಯೇ ಎಂದು ತಿಳಿಯುವುದು ಹೇಗೆ?

ಮೊದಲು ನಡೆಯಿರಿ, ಪೂರ್ತಿ ಉದ್ದ, ಮೂರು ಸಾಲಾಗಿ: ನಡು, ಎಡ ಚಕ್ರದ ದಾರಿ, ಬಲ ಚಕ್ರದ ದಾರಿ. ಹಿಮ್ಮಡಿಯಿಂದ ಬಲವಾಗಿ ಒತ್ತುತ್ತ ಹೋಗಿ. ಆಮೇಲೆ ಲೋಡ್ ಮಾಡಿದ ಜೀಪ್ ಅಥವಾ ಪಿಕಪ್ ಅನ್ನು ಗಂಟೆಗೆ 50 ಕಿಮೀ ವೇಗದಲ್ಲಿ ಓಡಿಸಿ. ಸೀಟಿನಲ್ಲಿ ಆರಾಮವಾಗಿ ಕೂರಲಾಗದಿದ್ದರೆ ಮೂಗಿನ ಚಕ್ರವೂ ತಡೆಯುವುದಿಲ್ಲ. ತಿರುಗಿ ಬಂದು ಟೈರ್ ಗುರುತಿನ ಆಳ ನೋಡಿ.

ಸರಿಯಾದ ಅಳತೆ ಬೇಕಿದ್ದರೆ ರಸ್ತೆ ಕೆಲಸದ ಎಂಜಿನಿಯರ್‌ಗಳ ಹತ್ತಿರ ಡೈನಮಿಕ್ ಕೋನ್ ಪೆನೆಟ್ರೋಮೀಟರ್ ಇರುತ್ತದೆ. 8 ಕೆಜಿ ಸುತ್ತಿಗೆ 575 ಮಿಮೀ ಎತ್ತರದಿಂದ ಬಿದ್ದು 20 ಮಿಮೀ ವ್ಯಾಸದ ಮೊನೆಯನ್ನು ನೆಲಕ್ಕೆ ಇಳಿಸುತ್ತದೆ. ಒಂದು ಏಟಿಗೆ 25 ಮಿಮೀ ಇಳಿದರೆ ಸಿಬಿಆರ್ (ನೆಲ ಭಾರ ಹೊರುವ ಶಕ್ತಿಯ ಅಳತೆ) ಸುಮಾರು 8, 50 ಮಿಮೀ ಇಳಿದರೆ 4ಕ್ಕಿಂತ ಕಡಿಮೆ. ಮೂರು ಟನ್ ಒಳಗಿನ, ಟೈರ್ ಒತ್ತಡ ಕಡಿಮೆಯಿರುವ ವಿಮಾನಕ್ಕೆ 8 ಇದ್ದರೆ ನೆಮ್ಮದಿ. 4ಕ್ಕಿಂತ ಇಳಿದ ಜಾಗ ಒಂದೇ ಇದ್ದರೂ ಆ ದಿನ ಹಾರಾಟ ಬೇಡ ಎನ್ನುವುದು ನಮ್ಮ ಅಭಿಪ್ರಾಯ. 50 ಮೀಟರ್‌ಗೊಂದರಂತೆ ಅಳೆಯಿರಿ. ಗದ್ದೆಯ ಹಳೇ ಬದು ಇದ್ದ ಕಡೆ, ನೀರು ಹರಿಯುತ್ತಿದ್ದ ತೋಡು ಮುಚ್ಚಿದ ಕಡೆ ಇನ್ನೂ ಹತ್ತಿರ ಹತ್ತಿರ. ಮೇಲೆ ಗಟ್ಟಿಯಾಗಿ ಕಂಡು ಒಳಗೆ ಮೆತ್ತಗಿರುವುದು ಇಂಥ ಜಾಗವೇ. ಹುತ್ತ ಕೆಡವಿ ಮಟ್ಟ ಮಾಡಿದ ಕಡೆ ಕೆಳಗೆ ಟೊಳ್ಳು ಹಾಗೇ ಉಳಿದಿರುತ್ತದೆ. ಅದನ್ನು ಪೂರ್ತಿ ಅಗೆದು, ಪದರ ಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು.

ಹುಲ್ಲು ಒಳ್ಳೆಯದೋ, ಕೆಂಪು ಗ್ರಾವೆಲ್ ಒಳ್ಳೆಯದೋ?

ಪ್ರೊಪೆಲ್ಲರ್‌ಗೆ ಹುಲ್ಲು, ಮಳೆ ಬಿದ್ದ ಮರುದಿನಕ್ಕೆ ಗ್ರಾವೆಲ್. ಎರಡರಲ್ಲೊಂದು ಆರಿಸಬೇಕಾದರೆ ನಾವು ಗರಿಕೆ ಹುಲ್ಲು ಎನ್ನುತ್ತೇವೆ. ಅದರ ಬೇರು ಹೆಣೆದುಕೊಂಡು ಮಣ್ಣು ಹಿಡಿಯುತ್ತದೆ, ಕಲ್ಲು ಏಳುವುದಿಲ್ಲ. 10 ಸೆಂ.ಮೀ. ಮೀರದಂತೆ ಕತ್ತರಿಸಿ. ನಡು ಎತ್ತರ ಮಾಡಿ ಎರಡೂ ಪಕ್ಕಕ್ಕೆ ಶೇ. 2 ಇಳಿಜಾರು ಕೊಡಿ, ಚರಂಡಿಯನ್ನು ರನ್‌ವೇ ಅಂಚಿನಿಂದ ದೂರ ಇಡಿ. ಅಂಚಿಗೇ ತೋಡಿದ ಚರಂಡಿ, ದಾರಿ ತಪ್ಪಿದ ವಿಮಾನದ ಕಾಲು ಮುರಿಯುತ್ತದೆ.

ಮಳೆ ಬಂದ ಮೇಲೆ ಎಷ್ಟು ದಿನ ಕಾಯಬೇಕು?

ದಿನದ ಲೆಕ್ಕ ಬೇಡ, ಪೆನೆಟ್ರೋಮೀಟರ್ ಮೊನೆಯ ಲೆಕ್ಕ ನೋಡಿ. ತೋಟದಲ್ಲಿ ಇಂಚು, ಸೆಂಟು ಬರೆದಿಡುವ ಮಳೆ ಮಾಪಕ ಇದ್ದೇ ಇರುತ್ತದೆ. ಅಂಥದ್ದೊಂದನ್ನು ಏರ್‌ಸ್ಟ್ರಿಪ್ ಪಕ್ಕದಲ್ಲೇ ಇಡಿ. ಕೊಡಗಿನಲ್ಲಿ ಎರಡು ಮೈಲಿ ಆಚೆಯ ಮಳೆ ನಿಮ್ಮ ಮಳೆಯಲ್ಲ. ಪ್ರತಿ ಮಳೆಯ ನಂತರ ಎಷ್ಟು ಇಂಚು ಬಿತ್ತು, ಎಷ್ಟು ಹೊತ್ತಿನ ಮೇಲೆ ಮೊನೆ ಎಷ್ಟು ಇಳಿಯಿತು ಎಂದು ಬರೆಯುತ್ತ ಹೋದರೆ ಒಂದು ಬೇಸಿಗೆಯಲ್ಲಿ ನಿಮ್ಮ ನೆಲದ ಸ್ವಭಾವ ಗೊತ್ತಾಗುತ್ತದೆ. ಮಾರ್ಚ್ ಏಪ್ರಿಲ್‌ನ ಹೂ ಮಳೆ ಕಾಫಿಗೆ ಜೀವ, ಏರ್‌ಸ್ಟ್ರಿಪ್‌ಗೆ ರಜೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲಿನ ಪಟ್ಟಿಯನ್ನು ಮುಚ್ಚಿಬಿಡಿ. ಆ ತಿಂಗಳುಗಳಲ್ಲಿ ಬಿದ್ದ ಒಂದೇ ಚಕ್ರದ ಗಾಡಿಜಾಡು ಮುಂದಿನ ಡಿಸೆಂಬರ್‌ನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತದೆ.

ರನ್‌ವೇ ತುದಿಯಲ್ಲಿ ಸಿಲ್ವರ್ ಓಕ್ ಸಾಲಿದೆ. ಕಡಿಯಲೇಬೇಕೇ?

ಲೆಕ್ಕ ಹೇಳಲಿ. ಮರ 25 ಮೀಟರ್, ಮೇಲೆ 15 ಮೀಟರ್ ಅಂತರ ಬೇಕು ಎಂದರೆ 40 ಮೀಟರ್ ಎತ್ತರ. ನೀವು 50 ಅಡಿ ಅಂದರೆ 15 ಮೀಟರ್ ತಲುಪಿದ ಜಾಗದಿಂದ ಇನ್ನೂ 25 ಮೀಟರ್ ಏರಬೇಕು. 80 ನಾಟ್‌ನಲ್ಲಿ ನಿಮಿಷಕ್ಕೆ 600 ಅಡಿ ಏರುವ ವಿಮಾನ ನೂರು ಮೀಟರ್‌ಗೆ 7.4 ಮೀಟರ್ ಏರುತ್ತದೆ. ಹಾಗಾಗಿ ಮರ ಅಲ್ಲಿಂದ ಕನಿಷ್ಠ 340 ಮೀಟರ್ ಆಚೆ ಇರಬೇಕು. ಇದು ಎರಡೂ ಎಂಜಿನ್ ಓಡುತ್ತಿರುವಾಗಿನ ಮಾತು. ಮರ ಕಣ್ಣಿಗೆ ಬೀಳುತ್ತದೆ, ಅದರ ಮುಂದೆ ಹಾದ 11 ಕೆವಿ ತಂತಿ ಬೀಳುವುದಿಲ್ಲ. ಕಂಬ ಹುಡುಕಿ, ತಂತಿ ಹುಡುಕಬೇಡಿ. ಮರ ಕಡಿಯುವ ಮೊದಲು ಜಾಗ ಬಾಣೆಯೋ (ಗದ್ದೆಗೆ ಸೇರಿದ ಕಾಡು ಜಾಗ) ಬೇರೆಯೋ ಎಂದು ಆರ್‌ಟಿಸಿಯಲ್ಲಿ ನೋಡಿ, ಅರಣ್ಯ ಇಲಾಖೆಯಲ್ಲಿ ಕೇಳಿ.

ಯಾವ ವಿಮಾನ ಸೂಕ್ತ?

ರೆಕ್ಕೆ ಮೇಲಿರುವುದು, ಕಾಲು ಮಡಿಸದಿರುವುದು, ಪ್ರೊಪೆಲ್ಲರ್ ನೆಲದಿಂದ ದೂರ ಇರುವುದು. ಐಲ್ಯಾಂಡರ್, ಪಾರ್ಟನಾವಿಯಾ ಪಿ68 ಎರಡೂ ಹೀಗಿವೆ. ಟೆಕ್ನಾಮ್ ಪಿ2006ಟಿ ಹಗುರ, ರೆಕ್ಕೆ ಮೇಲಿದೆ. ಆದರೆ ಅದರ ಎರಡು ರೋಟ್ಯಾಕ್ಸ್ ಎಂಜಿನ್‌ಗಳು ತಲಾ 100 ಅಶ್ವಶಕ್ತಿಯವು, ಚಕ್ರ ಮಡಿಸುವಂಥದ್ದು, ಕೆಸರು ಗೂಡಿನೊಳಗೆ ಸೇರಿ ಸ್ವಿಚ್‌ಗಳನ್ನು ಕೆಡಿಸುತ್ತದೆ. ಸೆಸ್ನಾ 337ರಲ್ಲಿ ಎಂಜಿನ್ ಒಂದು ಮುಂದೆ, ಒಂದು ಹಿಂದೆ. ಪಕ್ಕಕ್ಕೆ ಎಳೆಯುವ ತೊಂದರೆಯಿಲ್ಲ, ಆದರೆ ಚಕ್ರ ಎಬ್ಬಿಸಿದ ಕಲ್ಲೆಲ್ಲ ಹಿಂದಿನ ಪ್ರೊಪೆಲ್ಲರ್‌ಗೇ. ಹಿಂದಿನ ಎಂಜಿನ್ ನಿಂತಿದ್ದೂ ಓಟದಲ್ಲಿ ತಿಳಿಯದೆ ಹೋಗಬಹುದು, ಅದಕ್ಕೇ ಹಿಂದಿನ ಥ್ರಾಟಲ್ ಮೊದಲು ಒತ್ತಬೇಕು. ಫ್ಲೈಯಿಂಗ್ ಸ್ಕೂಲ್‌ಗಳಲ್ಲಿ ಕಲಿಸುವ ಸೆನೆಕಾ, ಡಿಎ42 ಒಳ್ಳೆಯ ವಿಮಾನಗಳು. ಗ್ರಾವೆಲ್ ಅವುಗಳ ಜಾಗವಲ್ಲ.

ಟೇಕಾಫ್ ಕ್ರಮ ಹೇಗೆ?

ಎಂಜಿನ್ ಪರೀಕ್ಷೆಯನ್ನು ಹುಲ್ಲಿನ ಮೇಲೋ, ನೀರು ಚಿಮುಕಿಸಿದ ಚಪ್ಪಡಿಯ ಮೇಲೋ ಮುಗಿಸಿ. ಗ್ರಾವೆಲ್ ಮೇಲೆ ನಿಂತು ಥ್ರಾಟಲ್ ಏರಿಸಿದರೆ ಪ್ರೊಪೆಲ್ಲರ್ ತುದಿಯ ಕೆಳಗೆ ಗಾಳಿ ಸುಳಿಯಾಗಿ ಕಲ್ಲನ್ನು ಮೇಲೆತ್ತುತ್ತದೆ. ಮಿಕ್ಸ್ಚರ್ ಲಿವರ್ ಇದ್ದರೆ, ಈ ಎತ್ತರಕ್ಕೆ ಹ್ಯಾಂಡ್‌ಬುಕ್ ಹೇಳಿದಂತೆ ಲೀನ್ ಮಾಡಿ, ಅಂದರೆ ಗಾಳಿಗೆ ಬೆರೆಯುವ ಇಂಧನ ಕಡಿಮೆ ಮಾಡಿ. ಬಿಸಿ ಮಧ್ಯಾಹ್ನ ಪೂರ್ತಿ ರಿಚ್ ಇಟ್ಟರೆ ಇರುವ ಶಕ್ತಿಯೂ ಹೋಗುತ್ತದೆ. ಫ್ಲಾಪ್ ಹಾಕಿ, ಕಂಟ್ರೋಲ್ ಹಿಂದಕ್ಕೆಳೆದು ಮೂಗಿನ ಚಕ್ರ ಹಗುರ ಮಾಡಿ, ನಿಲ್ಲದೆ ಉರುಳುತ್ತಲೇ ರನ್‌ವೇಗೆ ತಿರುಗಿ ಥ್ರಾಟಲ್ ನಿಧಾನವಾಗಿ ಪೂರ್ತಿ ಒತ್ತಿ.

ಅರ್ಧ ರನ್‌ವೇಯಲ್ಲಿ ಎರಡೂ ಪಕ್ಕ ಬಿಳಿ ಗುರುತು ಇರಲಿ. ಪ್ಲಾಸ್ಟಿಕ್ ಕೋನ್ ಆಗಲಿ, ಕಬ್ಬಿಣದ ಡ್ರಮ್ ಬೇಡ. ಅಲ್ಲಿಗೆ ಬರುವಷ್ಟರಲ್ಲಿ ನೆಲ ಬಿಡುವ ವೇಗದ ಶೇ. 70 ಬಂದಿರಬೇಕು. 70 ನಾಟ್‌ಗೆ ಏಳುವ ವಿಮಾನವಾದರೆ 49. ಬರದಿದ್ದರೆ ಎರಡೂ ಥ್ರಾಟಲ್ ಮುಚ್ಚಿ, ಬ್ರೇಕ್. ನೆಲ ಬಿಟ್ಟ ಮೇಲೆ ತಕ್ಷಣ ಏರಲು ಹೋಗದೆ, ಮರವಿಲ್ಲದಿದ್ದರೆ ನೆಲಕ್ಕೆ ಹತ್ತಿರವೇ ಹಾರಿ ಬ್ಲೂ ಲೈನ್ ವೇಗ (ಒಂದೇ ಎಂಜಿನ್‌ನಲ್ಲಿ ಚೆನ್ನಾಗಿ ಏರುವ ವೇಗ) ತಲುಪಿ.

ಆ ಹೊತ್ತಿಗೇ ಒಂದು ಎಂಜಿನ್ ನಿಂತರೆ?

ಹೊರಡುವ ಮೊದಲೇ ಜೋರಾಗಿ ಹೇಳಿಕೊಂಡಿರಬೇಕಾದ ಉತ್ತರ ಇದು. ರೆಡ್ ಲೈನ್ ವೇಗಕ್ಕಿಂತ (ಒಂದೇ ಎಂಜಿನ್‌ನಲ್ಲಿ ದಿಕ್ಕು ಹಿಡಿದಿಡಬಲ್ಲ ಕನಿಷ್ಠ ವೇಗ) ಕೆಳಗಿದ್ದರೆ ಎರಡೂ ಥ್ರಾಟಲ್ ಮುಚ್ಚಿ ನೇರ ಮುಂದೆ ಇಳಿಯಿರಿ, ಕಾಫಿ ಗಿಡಗಳ ಮೇಲಾದರೂ ಸರಿ. ವೇಗ ಉಳಿಸಿಕೊಂಡು, ರೆಕ್ಕೆ ಮಟ್ಟವಾಗಿಟ್ಟು ಗಿಡಕ್ಕೆ ಇಳಿದವರು ಬದುಕುತ್ತಾರೆ. ಚಾಲ್ತಿಯಲ್ಲಿರುವ ಎಂಜಿನ್ ನಂಬಿ ಮೂಗೆತ್ತಿ ಮಗುಚಿದವರು ಬದುಕುವುದಿಲ್ಲ. ಬ್ಲೂ ಲೈನ್ ದಾಟಿ, ಮುಂದೆ ಜಾಗವೂ ಇದ್ದರೆ: ಪೂರ್ತಿ ಶಕ್ತಿ, ಚಕ್ರ ಮಡಿಸಿ, ಫ್ಲಾಪ್ ಎತ್ತಿ, ಒತ್ತದೆ ಸುಮ್ಮನಿರುವ ಕಾಲಿನ ಕಡೆಯ ಎಂಜಿನ್ ಯಾವುದೆಂದು ಗುರುತಿಸಿ, ಅದರ ಥ್ರಾಟಲ್ ಎಳೆದು ಖಚಿತಪಡಿಸಿಕೊಂಡು, ಫೆದರ್ ಮಾಡಿ, ಅಂದರೆ ಪ್ರೊಪೆಲ್ಲರ್ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿ. ಓಡುವ ಎಂಜಿನ್ ಕಡೆಗೆ ಎರಡು ಮೂರು ಡಿಗ್ರಿ ವಾಲಿಸಿ.

ಇಲ್ಲಿನ ಎತ್ತರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಳಿ ತೆಳುವಾದಂತೆ ಎಂಜಿನ್ ಎಳೆತ ಕಡಿಮೆಯಾಗಿ ರೆಡ್ ಲೈನ್ ವೇಗ ಇಳಿಯುತ್ತದೆ, ಮೀಟರಿನಲ್ಲಿ ಕಾಣುವ ಸ್ಟಾಲ್ ವೇಗ ಇಳಿಯುವುದಿಲ್ಲ. ಎರಡೂ ಹತ್ತಿರ ಬಂದಾಗ ದಿಕ್ಕು ತಪ್ಪುವುದು ಮತ್ತು ಸ್ಟಾಲ್ ಒಟ್ಟಿಗೇ ಆಗಿ ವಿಮಾನ ಸ್ಪಿನ್‌ಗೆ ಬೀಳುತ್ತದೆ.

ಇಳಿಯುವಾಗ ಎಲ್ಲಿ ತಪ್ಪುತ್ತದೆ?

ವೇಗದಲ್ಲಿ. ಶೇ. 10 ಹೆಚ್ಚು ವೇಗ ತಂದರೆ ನಿಲ್ಲುವ ದೂರ ಶೇ. 21 ಹೆಚ್ಚು. ಒದ್ದೆ ಹುಲ್ಲಿನ ಗುಣಕ 1.35. ಗಟ್ಟಿ ನೆಲದ ಮೇಲೆ ತೀರಾ ಗಿಡ್ಡ ಕತ್ತರಿಸಿದ ಒದ್ದೆ ಹುಲ್ಲು ಇನ್ನೂ ಜಾರು, 1.60ರವರೆಗೆ ಹೋಗುತ್ತದೆ. ಇದರ ಮೇಲೆ ಲ್ಯಾಂಡಿಂಗ್‌ನ ಸುರಕ್ಷತಾ ಗುಣಕ 1.43. ಬೆಳಗಿನ ಇಬ್ಬನಿಯೂ ಒದ್ದೆಯೇ. ನೆಲ ಮುಟ್ಟಿದ ಮೇಲೆ ಮೂಗಿನ ಚಕ್ರವನ್ನು ಆದಷ್ಟು ಹೊತ್ತು ಮೇಲಿಟ್ಟು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ಓಡುತ್ತಿರುವಾಗ ಫ್ಲಾಪ್ ಎತ್ತಲು ಹೋಗಿ ಚಕ್ರ ಮಡಿಸುವ ಗೇರ್ ಲಿವರ್ ಎತ್ತಿದವರಿದ್ದಾರೆ. ಚಕ್ರ ಮಡಿಸುವ ವಿಮಾನದಲ್ಲಿ ನಿಂತ ಮೇಲೆಯೇ ಫ್ಲಾಪ್ ಮುಟ್ಟಿ.

ಪ್ರೊಪೆಲ್ಲರ್‌ಗೆ ಕಲ್ಲು ಬಡಿದಿದೆ. ಹಾರಬಹುದೇ?

ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಇದ್ದರೆ ಎಂಜಿನಿಯರ್ ನೋಡುವವರೆಗೆ ಬೇಡ. ಚೂಪಾದ ಕಚ್ಚಿನ ತಳದಲ್ಲೇ ಒತ್ತಡ ಸೇರಿ ಬಿರುಕು ಶುರುವಾಗುತ್ತದೆ, ತುದಿಯ ಕಡೆ ಇದ್ದಷ್ಟೂ ಅಪಾಯ ಹೆಚ್ಚು. ಅರದಿಂದ ಉಜ್ಜಿ, ನಯವಾಗಿ ಬೆರೆಸಿ, ಬಿರುಕಿಲ್ಲವೆಂದು ಪರೀಕ್ಷಿಸಿ, ಪುಸ್ತಕದಲ್ಲಿ ಬರೆಯುವುದು ಲೈಸೆನ್ಸ್ ಇರುವ ಎಂಜಿನಿಯರ್ ಕೆಲಸ. ಮೂಗಿನ ಚಕ್ರದ ವಿಮಾನಗಳಿಗೆ ಪ್ರೊಪೆಲ್ಲರ್ ತುದಿ ನೆಲದಿಂದ 7 ಇಂಚು ಇರಲೇಬೇಕೆಂದು ಪಾರ್ಟ್ 23ರಲ್ಲಿತ್ತು. ಮೂಗಿನ ಸ್ಟ್ರಟ್‌ನಲ್ಲಿ (ಮೂಗಿನ ಚಕ್ರದ ಶಾಕ್ ಅಬ್ಸಾರ್ಬರ್ ಕಾಲು) ಗಾಳಿ ಇಳಿದಿದ್ದರೆ ಆ 7 ಇಂಚೂ ಇರುವುದಿಲ್ಲ. ಹಾಗಾಗಿ ಸ್ಟ್ರಟ್ ಅನ್ನು ದಿನವೂ ನೋಡಿ.

ಕೆಂಪು ಧೂಳಿನ ಬಗ್ಗೆಯೂ ಇಲ್ಲೇ ಹೇಳುತ್ತೇವೆ: ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಎಳೆದಾಗ ಗಾಳಿ ಫಿಲ್ಟರ್ ತಪ್ಪಿಸಿ ಒಳಗೆ ಹೋಗುತ್ತದೆ. ಪರೀಕ್ಷೆಗೆ ಒಮ್ಮೆ ಎಳೆದು ನೋಡಿ, ನೆಲದ ಮೇಲೆ ಎಳೆದೇ ಇಡಬೇಡಿ. ಆಯಿಲ್ ಪರೀಕ್ಷೆಯಲ್ಲಿ ಸಿಲಿಕಾನ್ ಏರಿದ್ದರೆ ಫಿಲ್ಟರ್ ಅಥವಾ ಅದರ ಸೀಲ್ ಕಡೆ ನೋಡಿ.

ಪೆಟ್ರೋಲ್ ಬಂಕ್‌ನ ಇಂಧನ ಹಾಕಬಹುದೇ?

ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗೆ ನೀಲಿ ಬಣ್ಣದ ಅವ್‌ಗ್ಯಾಸ್ 100ಎಲ್ಎಲ್ ತರಿಸಿ. ರೋಟ್ಯಾಕ್ಸ್ 912 ಪೆಟ್ರೋಲ್‌ನಲ್ಲಿ ಓಡುತ್ತದೆ ನಿಜ, ಆದರೆ ಅದಕ್ಕೆ ಎಥನಾಲ್ ಮಿತಿ ಶೇ. 10. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. ಅದು ಬೇಡ.

ಡ್ರಮ್‌ನಲ್ಲಿ ತಂದಿಟ್ಟರೆ ನೀರೇ ಶತ್ರು. ನಿಲ್ಲಿಸಿದ ಡ್ರಮ್ ಅನ್ನು ಮುಚ್ಚಳದ ಮೇಲೆ ಮಳೆನೀರು ನಿಲ್ಲದಂತೆ ತುಸು ವಾಲಿಸಿ. ಪಂಪ್‌ನ ಪೈಪ್ ತಳ ಮುಟ್ಟದಿರಲಿ, ನೀರು ತಡೆಯುವ ಫಿಲ್ಟರ್ ಇರುವ ಫನೆಲ್ ಬಳಸಿ. ಡ್ರಮ್, ಪಂಪ್, ವಿಮಾನ ಮೂರಕ್ಕೂ ತಂತಿ ಜೋಡಿಸಿ ಅರ್ಥ್ ಮಾಡಿದ ಮೇಲೆಯೇ ಮುಚ್ಚಳ ತೆಗೆಯಿರಿ. ತೂಕ ಅನುಮತಿಸಿದರೆ ಸಂಜೆಯೇ ಟ್ಯಾಂಕ್ ತುಂಬಿ. ಅರ್ಧ ಖಾಲಿ ಟ್ಯಾಂಕ್‌ನಲ್ಲಿ ರಾತ್ರಿಯ ತೇವ ನೀರಾಗಿ ಇಳಿಯುತ್ತದೆ. ಬೆಳಿಗ್ಗೆ ಎಲ್ಲ ಡ್ರೈನ್‌ಗಳಿಂದಲೂ ಗಾಜಿನ ಲೋಟಕ್ಕೆ ಬಿಟ್ಟು ನೋಡಿ.

ಗಾಳಿ, ಗುಡ್ಡ?

ಪಶ್ಚಿಮದ ಗಾಳಿ ಬಲವಾಗಿದ್ದಾಗ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಸಾಲಿನ ಪೂರ್ವ ಮಗ್ಗುಲಲ್ಲಿ ಗಾಳಿ ಕೆಳಕ್ಕೆ ಸುರಿಯುತ್ತದೆ. ತಡಿಯಂಡಮೋಳ್ 1,748 ಮೀಟರ್, ಅಂದರೆ 5,735 ಅಡಿ. ಸಾಲು ದಾಟಲು ಮೇಲೆ 2,000 ಅಡಿ ಇಟ್ಟುಕೊಂಡು 45 ಡಿಗ್ರಿ ಓರೆಯಾಗಿ ಹೋಗಿ, ಕೆಳಕ್ಕೆ ತಳ್ಳಿದರೆ ತಿರುಗಿ ಬರಲು ಜಾಗವಿರುತ್ತದೆ. ಏಪ್ರಿಲ್ ಮೇ ಮಧ್ಯಾಹ್ನ ಗುಡುಗು ಕಟ್ಟುವ ಮೊದಲು ಇಳಿದಿರಬೇಕು.

ಪ್ರಾಣಿಗಳು?

ಕಾಡಾನೆ ದಾಟಿದ ರಾತ್ರಿಯ ಮರುದಿನ ಹೆಜ್ಜೆ ಗುಂಡಿಗಳನ್ನು ಒಂದೊಂದಾಗಿ ತುಂಬಿ ದಮ್ಮಸ್ಸು ಮಾಡಬೇಕು. ಕಾಡುಹಂದಿ ಗರಿಕೆ ಬುಡವನ್ನೇ ಉತ್ತು ಹಾಕುತ್ತದೆ. ಸೋಲಾರ್ ಬೇಲಿ ದನವನ್ನೂ ಹಂದಿಯನ್ನೂ ತಡೆಯುತ್ತದೆ, ಆನೆಯನ್ನು ಯಾವಾಗಲೂ ತಡೆಯುವುದಿಲ್ಲ. ಬೆಳಿಗ್ಗೆ ನಡೆದು ನೋಡುವುದಕ್ಕೆ ಬದಲಿಲ್ಲ. ಹೊರಡುವ ಹತ್ತು ನಿಮಿಷ ಮೊದಲು ಜೀಪ್ ಒಮ್ಮೆ ಓಡಲಿ, ನವಿಲು, ಟಿಟ್ಟಿಭ ಏಳುತ್ತವೆ.

ಅನುಮತಿ?

ಭಾರತದಲ್ಲಿ ಏರೋಡ್ರೋಮ್ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಖಾಸಗಿ ಬಳಕೆ, ಸಾರ್ವಜನಿಕ ಬಳಕೆ ಎಂದು ಎರಡು ವರ್ಗ. 2025ರ ಜನವರಿ 1ರಿಂದ 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕೃಷಿ ಜಮೀನಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್ ಪ್ರಕಾರ ಪರಿವರ್ತನೆಯೂ ಆಗಬೇಕು. ಜೆಸಿಬಿ ಕರೆಸುವ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಪ್ರತಿ ಹಾರಾಟಕ್ಕೆ ಫ್ಲೈಟ್ ಪ್ಲಾನ್ ಹಾಕಿ, ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ಪಡೆಯಬೇಕು.

ವಿಮಾನ ಕೆಸರಿನಲ್ಲಿ ಹೂತುಹೋದರೆ?

ಎಂಜಿನ್ ಶಕ್ತಿಯಿಂದ ಹೊರಬರಲು ನೋಡಬೇಡಿ. ಮೂಗು ಇನ್ನೂ ಇಳಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ, ಆಮೇಲೆ ಎಂಜಿನ್ ಬಿಚ್ಚಿಯೇ ನೋಡಬೇಕಾಗುತ್ತದೆ. ಎರಡೂ ಎಂಜಿನ್ ನಿಲ್ಲಿಸಿ, ಮ್ಯಾಗ್ನೆಟೊ ಆಫ್ ಮಾಡಿ, ಜನರನ್ನೂ ಸಾಮಾನನ್ನೂ ಇಳಿಸಿ. ಚಕ್ರದ ಹಿಂದೆ ಓರೆಯಾಗಿ ಅಗೆದು ಹಲಗೆ ಕೊಡಿ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ, ಅಲ್ಲಿನ ನೆಲ ವಿಮಾನ ತಡೆದಿದೆ ಎಂದು ಆಗಲೇ ಗೊತ್ತಿದೆ. ಹಗ್ಗ ಕಟ್ಟುವುದು ಹ್ಯಾಂಡ್‌ಬುಕ್‌ನಲ್ಲಿ ತೋರಿಸಿದ ಜಾಗಕ್ಕೆ, ಎರಡೂ ಮುಖ್ಯ ಕಾಲುಗಳಿಗೆ ಸಮವಾಗಿ. ಮೂಗಿನ ಕಾಲಿಗೆ ಕಟ್ಟಿ ಟ್ರ್ಯಾಕ್ಟರ್‌ನಿಂದ ಜಗ್ಗಿದರೆ ಕಾಲು ಕಿತ್ತು ಬರುತ್ತದೆ. ಹೊರಬಂದ ಮೇಲೆ ಬ್ರೇಕ್ ಡಿಸ್ಕ್, ಚಕ್ರದ ಗೂಡು ತೊಳೆದು, ಬ್ರೇಕ್ ಪೈಪ್ ನೋಡಿ, ಚಕ್ರದ ಮೇಲೆ ಮುಚ್ಚಿಕೆ (ಸ್ಪ್ಯಾಟ್) ಇದ್ದರೆ ಬಿಚ್ಚಿಡಿ. ಅದರೊಳಗೆ ಒಣಗಿದ ಕೆಸರು ಮುಂದಿನ ಲ್ಯಾಂಡಿಂಗ್‌ನಲ್ಲಿ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ.